ಶಾಯಿಮಾಮನ ಹಮ್ಮಸ್

ಕೆಲಸ ಮಾಡುತ್ತಿರುವಷ್ಟು ಹೊತ್ತು ಶಾಯಿಮಾಮನ ಕೈ ಬಾಯಿಯ ಹತ್ತಿರ ಸುಳಿಯುತ್ತಿರಲಿಲ್ಲ. ಮೂಗು ತುರಿಸಿದರೆ ಮೊಣಕೈಯಿಂದ ಉಜ್ಜಿಕೊಳ್ಳುವರು, ಆಕಳಿಕೆ ಬಂದರೆ ಭುಜಕ್ಕೆ ಬಾಯಿ ಒತ್ತುವರು, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುವವರನ್ನು ಕಂಡರೆ ಮುಖ ಸಿಂಡರಿಸಿಕೊಂಡು ಆ ಕಡೆ ತಿರುಗುವರು. ಮುದ್ರಣಾಲಯದಲ್ಲಿ ಶಾಯಿ ಬೆರೆಸುವ ಕೋಣೆಯೊಳಗೆ ಮೂವತ್ತೆಂಟು ವರ್ಷ ಕಳೆದ ಮನುಷ್ಯ. ಸೇರಿದ ಮೊದಲ ದಿನವೇ ಅಲ್ಲಿನ ಹಿರಿಯ ಕೆಲಸಗಾರ ಹಳದಿ ಡಬ್ಬಿಯೊಂದನ್ನು ತೋರಿಸಿ, ಇದರಲ್ಲಿ ವಿಷವಿದೆ, ಕೈ ಬಾಯಿಗೆ ಹೋದರೆ ನಿನ್ನ ಕಥೆ ಮುಗಿಯಿತು ಎಂದಿದ್ದನಂತೆ. ಮುಂದೆ ವಿಷವಿಲ್ಲದ ಹಳದಿ ಬಂತು, ಹೆದರಿಸಿದವನೂ ತೀರಿಕೊಂಡ. ಭಯ ಮಾತ್ರ ನಿವೃತ್ತಿಯ ದಿನ ಮಾಮನ ಜೊತೆಯಲ್ಲೇ ಮನೆಗೆ ಬಂತು.

ಅದರ ಜೊತೆ ನೀಲಿ ಕೋಟೂ ಬಂತು, ಕೋಟಿನ ಜೇಬಿನಲ್ಲಿ ಶಾಯಿ ಕಲೆಸುವ ಚಪ್ಪಟೆ ಅಲಗೂ ಬಂತು. ನೆಲದ ಮೇಲೆ ಏನೋ ಚೆಲ್ಲಿರಬಹುದೆಂಬ ಅನುಮಾನದಿಂದ ಪಾದಗಳನ್ನು ಹೊರಕ್ಕೆ ತಿರುಗಿಸಿ ಇಡುವ ಆ ನಡಿಗೆಯಂತೂ ಬೀದಿಯ ಆ ತುದಿಯಿಂದಲೇ ಗುರುತು ಸಿಗುತ್ತಿತ್ತು. ವಿದ್ಯುದ್ದೀಪವನ್ನು ಅವರು ನಂಬುತ್ತಿರಲಿಲ್ಲ. ಅಂಗಿಯೋ ಹಣ್ಣೋ, ಏನೇ ಆಗಲಿ, ಕಿಟಕಿಯ ಹತ್ತಿರ ಒಯ್ದು ಹಗಲಿನ ಬೆಳಕಿನಲ್ಲಿ ನೋಡಿಯೇ ಮಾತು. "ಒಂದು ಕೂದಲು ಜಾಸ್ತಿ," "ಒಂದು ಕೂದಲು ಕಮ್ಮಿ" ಎಂಬ ಕೂದಲೆಳೆ ವ್ಯತ್ಯಾಸದ ಎರಡೇ ತೀರ್ಪಿನಲ್ಲಿ ಅವರ ಜಗತ್ತಿನ ವಿಮರ್ಶೆ ಮುಗಿಯುತ್ತಿತ್ತು. ಪಕ್ಕದ ಮನೆಯವನ ಸಿಟ್ಟಿಗೂ ಅದೇ ಅಳತೆ, ಸಂಜೆಯ ಆಕಾಶಕ್ಕೂ ಅದೇ. ಬಣ್ಣದ ವಿಷಯದಲ್ಲಿ ಅವರು ಮಾಲೀಕರಿಗೂ ಸೊಪ್ಪು ಹಾಕಿದವರಲ್ಲ.

ಸೊಪ್ಪು ಹಾಕುತ್ತಿದ್ದುದು ಅಕ್ಕನಿಗೆ ಮಾತ್ರ. ತಾಯಿಯಿಲ್ಲದ ತಮ್ಮನನ್ನು ಹೊಲಿಗೆಯಂತ್ರ ತುಳಿದು ಸಾಕಿದಾಕೆ. ನೂರು ಉಂಡೆಗಳ ನಡುವಿನಿಂದ ಬಟ್ಟೆಗೆ ಹೊಂದುವ ದಾರವನ್ನು ನೋಡದೆಯೇ ಎಂಬಂತೆ ಥಟ್ಟನೆ ಎತ್ತುತ್ತಿದ್ದಾಕೆ. ತಮ್ಮನಿಗೆ ಕಣ್ಣು ಕೊಟ್ಟದ್ದೇ ತಾನು ಎಂದು ಆಕೆ ಹೇಳಿಕೊಳ್ಳುತ್ತಿದ್ದರು, ತಮ್ಮ ಅದಕ್ಕೆ ಎದುರಾಡುತ್ತಿರಲಿಲ್ಲ. ಆ ಅಕ್ಕನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು, ಮಾತು ತೊದಲಿತು, ನುಂಗುವುದು ಕಷ್ಟವಾಯಿತು. ಅಕ್ಕನ ಮಗಳು ಎಲ್ಲವನ್ನೂ ನುಣ್ಣಗೆ ರುಬ್ಬಿ ಕೊಡುತ್ತಿದ್ದಳು. ಏನು ರುಬ್ಬಿದರೂ ಕೊನೆಗೆ ಬೂದುಬಣ್ಣದ ಒಂದೇ ಮುದ್ದೆ. ಅಕ್ಕ ಅದನ್ನೊಮ್ಮೆ ನೋಡಿ ಬಾಯಿ ಬಿಗಿದರು. ಮೂರು ದಿನ ಕಳೆದರೂ ತೆರೆಯಲಿಲ್ಲ. ಮಂಗಳವಾರ ಬಂದ ವೈದ್ಯರು, ಶುಕ್ರವಾರದೊಳಗೆ ಊಟ ಹೋಗದಿದ್ದರೆ ಮೂಗಿನಿಂದ ನಳಿಕೆ ಹಾಕದೆ ಬೇರೆ ದಾರಿಯಿಲ್ಲವೆಂದರು. ಅಕ್ಕ ಎಡಗೈಯಿಂದ ತಮ್ಮನ ಕೋಟನ್ನು ಹಿಡಿದು, "ನಳಿಕೆ ಬೇಡ ಕಣೋ," ಎಂದರು. ಅಷ್ಟು ಸ್ಪಷ್ಟವಾಗಿ ಆಕೆ ಮಾತಾಡಿ ತಿಂಗಳಾಗಿತ್ತು.

ಹಮ್ಮಸ್ ಎಂಬ ಪದಾರ್ಥವನ್ನು ಫೋನಿನಲ್ಲಿ ತೋರಿಸಿದವಳು ಅಕ್ಕನ ಮಗಳೇ. ಕಾಬೂಲಿ ಕಡಲೆಯನ್ನು ಎಳ್ಳಿನ ಪೇಸ್ಟಿನ ಜೊತೆ ರುಬ್ಬಿ, ತರಕಾರಿಯಿಂದ ಬಣ್ಣ ಕಟ್ಟಿದ್ದು. ತಟ್ಟೆಯಲ್ಲಿ ಕೆಂಪು, ಕಿತ್ತಳೆ, ಹಸಿರು. ಚಮಚ ಓರೆ ಮಾಡಿದರೆ ಅಂಟಿಕೊಳ್ಳದೆ, ನೀರಾಗಿ ಹರಿಯದೆ, ಇಡಿಯಾಗಿ ಜಾರುವಂತಿದ್ದರೆ ಕೊಡಬಹುದೆಂದು ವೈದ್ಯರೂ ಒಪ್ಪಿದರು. ಕೇಳಿದ್ದೇ ತಡ, ಶಾಯಿಮಾಮ ಕೋಟು ತೊಟ್ಟು ಅಡುಗೆಮನೆಗೆ ನುಗ್ಗಿದರು. ಹದ ನೋಡುವುದನ್ನು ಅವರಿಗೆ ಯಾರು ಹೇಳಿಕೊಡಬೇಕು! ನೆನೆಸಿದ ಕಡಲೆಯನ್ನು ಚಿಟಿಕೆ ಸೋಡಾ ಹಾಕಿ ಬೇಯಿಸಿ, ಒಂದೊಂದೇ ಕಾಳಿನ ಸಿಪ್ಪೆ ಸುಲಿದು, ಮಂಜುಗಡ್ಡೆಯ ನೀರು ಬಿಟ್ಟು ರುಬ್ಬಿ, ಮಿಕ್ಸಿ ಬಿಸಿಯಾದಾಗೆಲ್ಲ ನಿಲ್ಲಿಸಿ, ತಿಕ್ಕಿ ತೊಳೆದು ಕುದಿಸಿದ ಅಲಗಿನಲ್ಲಿ ಎತ್ತಿ ಎತ್ತಿ ಬೀಳಿಸಿ ಪರೀಕ್ಷಿಸಿದರು. ಒಂದು ಪಾಲಿಗೆ ಸುಟ್ಟ ಬೀಟ್‌ರೂಟ್, ಒಂದಕ್ಕೆ ಕ್ಯಾರೆಟ್, ಒಂದಕ್ಕೆ ಬಿಸಿನೀರಿನಲ್ಲಿ ಅದ್ದಿ ತೆಗೆದ ಪಾಲಕ್. ನಿಂಬೆರಸ ಕೆಂಪನ್ನು ಹೊಳೆಯಿಸಿತು, ಅದಕ್ಕೆ ಹಾಕಿದರು. ಹಸಿರನ್ನು ಮಂಕಾಗಿಸುವಂತಿತ್ತು, ಬಿಟ್ಟರು. ಜೀರಿಗೆ ಪುಡಿ ಹಾಕಿದರೆ ಚುಕ್ಕೆ ಬೀಳುತ್ತದೆ, ಬೇಡ. ಬೆಳ್ಳುಳ್ಳಿ ಕ್ಯಾರೆಟ್ಟನ್ನು ಪೇಲವ ಮಾಡೀತೆಂಬ ಗುಮಾನಿ, ಅದೂ ಬೇಡ. ಉಪ್ಪಿಗಂತೂ ಬಣ್ಣವೇ ಇಲ್ಲ. ಆದ್ದರಿಂದ ಅದು ಅವರ ನೆನಪಿಗೇ ಬರಲಿಲ್ಲ.

ಬುಧವಾರ ಮಧ್ಯಾಹ್ನ ಬಿಳಿ ತಟ್ಟೆಯಲ್ಲಿ ಮೂರು ಬಣ್ಣಗಳು ಅಕ್ಕನ ಮುಂದೆ ಬಂದವು. ಮಾಮನೇ ಕಿಟಕಿಯ ಪರದೆ ಸರಿಸಿದರು. ಅಕ್ಕ ಬಹಳ ಹೊತ್ತು ನೋಡಿದರು, ಕಣ್ಣು ಅರಳಿತು, ಬಾಯಿ ತೆರೆಯಿತು. ಮಗಳು ಹಸಿರಿನಿಂದ ಒಂದು ಚಮಚ ಇಟ್ಟಳು. ಅಕ್ಕ ಅದನ್ನು ನುಂಗಲಿಲ್ಲ, ತುಟಿಯಂಚಿನಿಂದ ಹೊರಗೆ ತಳ್ಳಿದರು.

"ಚೆನ್ನಾಗಿದೆ," ಎಂದರು ತೊದಲುತ್ತ. "ಗೋಡೆಗೆ ಬಳಿ."

ಮಾಮನ ಮುಖ ಸಪ್ಪೆಯಾಯಿತು. ಅಡುಗೆಮನೆಗೆ ಹಿಂತಿರುಗಿ, ಹಸಿರು ಒಂದು ಕೂದಲು ಜಾಸ್ತಿಯಾಗಿರಬೇಕು ಎಂದು ಗೊಣಗಿದರು. ಅಕ್ಕನ ಮಗಳು ಬಟ್ಟಲಿಗೆ ಬೆರಳದ್ದಿ ನೆಕ್ಕಿ ನೋಡಿ, ಮಾಮನ ಕಡೆ ತಿರುಗಿದಳು.

"ಮಾಮ, ನೀವು ತಿಂದು ನೋಡಿದ್ರಾ?"

ತಿಂದು ನೋಡುವುದು! ನಿನ್ನೆಯಿಂದ ನೆನೆಸಿ, ಬೇಯಿಸಿ, ರುಬ್ಬಿದ್ದು ತಿನ್ನುವ ವಸ್ತುವೆಂಬುದೇ ಅವರಿಗೆ ಮರೆತಿತ್ತು. ಕೈ ತೊಳೆದರು, ಸಾಲದೆಂದು ಮತ್ತೆ ತೊಳೆದರು, ಉಗುರಿನ ಸಂದಿಯನ್ನು ಉಜ್ಜಿದರು. ತುದಿಬೆರಳಿನಲ್ಲಿ ಹಸಿರನ್ನು ತೆಗೆದುಕೊಂಡು, ಕಣ್ಣು ಮುಚ್ಚಿ, ಬಾಯಿಗಿಟ್ಟುಕೊಂಡರು. ಸೀಮೆಸುಣ್ಣ ಕಲೆಸಿದ ಹಾಗಿತ್ತು. ಛೇ, ನಾಲ್ಕು ದಿನ ಉಪವಾಸವಿದ್ದ ಅಕ್ಕನ ಬಾಯಿಗೆ ಇದನ್ನು ಇಟ್ಟೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲಿ ಕಣ್ಣು ತುಂಬಿದ್ದನ್ನು ಅಕ್ಕನ ಮಗಳು ನೋಡಿಯೂ ನೋಡದ ಹಾಗೆ ಪಾತ್ರೆ ತೊಳೆಯತೊಡಗಿದಳು.

ಅಂದೇ ಸಂಜೆಯೊಳಗೆ ಹಸಿರನ್ನು ಮತ್ತೆ ಕಲೆಸಿದರು. ಉಪ್ಪು ಬಿತ್ತು, ಬೇಯಿಸಿ ಅರೆದ ಬೆಳ್ಳುಳ್ಳಿ ಬಿತ್ತು, ಹುರಿದ ಜೀರಿಗೆಯನ್ನು ಹಿಟ್ಟಿನಷ್ಟು ನುಣ್ಣಗೆ ಜರಡಿ ಹಿಡಿದದ್ದು ಬಿತ್ತು. ಪ್ರತಿ ಸಲವೂ ಹೊಸ ಚಮಚದಲ್ಲಿ ರುಚಿ ನೋಡಿದ್ದರಿಂದ ಮನೆಯ ಚಮಚಗಳೆಲ್ಲ ಪಾತ್ರೆ ತೊಳೆಯುವ ತೊಟ್ಟಿ ಸೇರಿದವು. ಕೊನೆಗೆ ನಿಂಬೆಹಣ್ಣನ್ನು ಕೈಗೆತ್ತಿಕೊಂಡು, ಹಸಿರನ್ನು ಇನ್ನೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಹಿಂಡಿದರು. ನೋಡನೋಡುತ್ತಿದ್ದಂತೆ ಆ ಹಸಿರು ಕಳೆಗುಂದಿ, ಪಾಚಿಗಟ್ಟಿದ ಗೋಡೆಯ ಬಣ್ಣಕ್ಕೆ ತಿರುಗಿತು. ಇಂಥದ್ದನ್ನು ಯಾರಾದರೂ ಶಾಯಿಕೋಣೆಯಿಂದ ಹೊರಗೆ ಕಳಿಸಿದ್ದರೆ ಅವರು ಡಬ್ಬಿಯನ್ನೇ ಎಸೆಯುತ್ತಿದ್ದರು.

ತಟ್ಟೆಯನ್ನು ಅಕ್ಕನ ಮುಂದೆ ತಾವೇ ಇಟ್ಟು, "ಅಕ್ಕ, ಹಸಿರು ಸತ್ತೋಯ್ತು," ಎಂದು ತಪ್ಪೊಪ್ಪಿಕೊಂಡರು. ಅಕ್ಕ ಬಾಯಿ ತೆರೆದರು. ಚಮಚ ಒಳಗೆ ಹೋಯಿತು. ವೈದ್ಯರು ಹೇಳಿಕೊಟ್ಟಂತೆ ಗದ್ದವನ್ನು ಎದೆಗೆ ತಗ್ಗಿಸಿ, ನಾಲಿಗೆಯ ಮೇಲೆ ಅದನ್ನು ಆ ಕಡೆ ಈ ಕಡೆ ಹೊರಳಿಸಿ, ನಿಧಾನವಾಗಿ ನುಂಗಿದರು. ಗಂಟಲು ಏರಿ ಇಳಿದದ್ದನ್ನು ಮಾಮ ಉಸಿರು ಬಿಗಿಹಿಡಿದು ನೋಡಿದರು.

"ಬಣ್ಣ ಕೆಡಿಸಿಬಿಟ್ಟೆ," ಎಂದರು ಅಕ್ಕ, ಮತ್ತು ಇನ್ನೊಂದು ಚಮಚಕ್ಕೆ ಬಾಯಿ ತೆರೆದರು.

ಶುಕ್ರವಾರ ವೈದ್ಯರು ನಳಿಕೆಯ ಮಾತೆತ್ತಲಿಲ್ಲ.

ಒಂದೇ ವಿದ್ಯೆಯನ್ನು ಜೀವಮಾನವಿಡೀ ತಿದ್ದಿಕೊಂಡು ಬಂದವರು ಎಲ್ಲ ಕಸುಬುಗಳಲ್ಲೂ ಇದ್ದಾರೆ. ಪ್ರೀತಿಯನ್ನೂ ಅವರು ತಮಗೆ ಗೊತ್ತಿರುವ ಆ ಒಂದೇ ಅಳತೆಯಲ್ಲಿ ಅಳೆದು ಕೊಡುತ್ತಾರೆ. ಪಡೆಯುವವರಿಗೆ ಏನು ಬೇಕಿತ್ತೆಂದು ಕೇಳಬೇಕೆಂಬುದು ಅವರಿಗೆ ಹೊಳೆಯುವುದೇ ಇಲ್ಲ. ಜನ ಅವರನ್ನು ಮೊಂಡರೆಂದು ಆಡಿಕೊಳ್ಳುತ್ತಾರೆ, ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅಂಥವರೊಬ್ಬರು ಯಾರಿಗಾಗಿಯೋ ತಮ್ಮ ಹೆಮ್ಮೆಯನ್ನು ತಾವೇ ಕೈಯಾರೆ ಕೆಡಿಸಿ, ತಟ್ಟೆಯಲ್ಲಿಟ್ಟು ತಂದರೆ, ಅವರ ಹತ್ತಿರ ಅದಕ್ಕಿಂತ ಹೆಚ್ಚಿನದನ್ನು ಕೇಳಬಾರದು. ಅವರ ಹತ್ತಿರ ಇದ್ದದ್ದೇ ಅದು.