ಒಂದೇ ಗಾಡಿಯಲ್ಲಿ ಬಂದ ಮೂವರು

ಪೊಲೀಸರ ಮೇಲೆ ಕಣ್ಣಿಡಲು ಊರಿನವರದೇ ಒಂದು ಮಂಡಳಿ ಬೇಕೆಂದು ಕೆಲ್ಟನ್ನಿನ ಜನ ವರ್ಷಗಟ್ಟಲೆ ಬಡಿದಾಡಿದರು. ಸಿಕ್ಕಿದ ಮೇಲೆ ಅದರಲ್ಲಿ ಕೂರಲು ಮಾತ್ರ ಒಂದು ನರಪಿಳ್ಳೆಯೂ ಮುಂದೆ ಬರಲಿಲ್ಲ. ಕೊನೆಗೆ ಪಾದ್ರಿ ಒಂದು ಭಾನುವಾರ ಚರ್ಚಿನ ಬಾಗಿಲಲ್ಲೇ ಅಡ್ಡ ನಿಂತು, "ಟೀಚರ್, ನೀವು ಹೇಗೂ ರಿಟೈರ್ ಆಗಿದ್ದೀರಲ್ಲ" ಅಂದ. ವರ್ನಾ ಟಾಲಿವರ್ ಸಿಕ್ಕಿಬಿದ್ದದ್ದು ಹಾಗೆ. ಸ್ಕೂಲಿನಲ್ಲಿ ಮಕ್ಕಳಿಗೆ ಹಾಡು ಕಲಿಸಿ ಕಲಿಸಿ ಗಂಟಲು ಹರಿದುಕೊಂಡವಳು. ಸುಮ್ಮನೆ ಕೂತು ಜನರ ಮಾತು ಕೇಳುವ ಕೆಲಸ ತಾನೇ, ಮಾಡಿದರಾಯಿತು ಅಂದುಕೊಂಡಳು.

ಕೇಳಿದ್ದೇ ಕೇಳಿದ್ದು! ಮಂಡಳಿಯ ಮೊಹರು ದುಂಡಗಿರಬೇಕೋ ಚೌಕವಾಗಿರಬೇಕೋ ಅನ್ನುವುದಕ್ಕೇ ಒಂದು ಇಡೀ ಬೇಸಿಗೆ ಹೋಯಿತು. ಅಷ್ಟು ಮಾಡಿದ ಮಂಡಳಿಗೆ ಇದ್ದ ಅಧಿಕಾರವಾದರೂ ಏನು? ದೂರು ಬಂದಾಗ, ಪೊಲೀಸನ ಎದೆಯ ಮೇಲಿನ ಕ್ಯಾಮೆರಾದ ವಿಡಿಯೋ ಅಳಿಸಬೇಡಿ, ನಮಗೆ ತೋರಿಸಿ ಎಂದು ಮತ ಹಾಕಿ ಕೇಳಬಹುದು. ಅಷ್ಟೇ. ಕೇಳದಿದ್ದರೆ ಅವಧಿ ಮುಗಿದ ಕೂಡಲೇ ಅದು ತನ್ನಷ್ಟಕ್ಕೆ ಅಳಿಸಿಹೋಗುತ್ತದೆ.

ಈ ಸಲ ಅಳಿಸಿಹೋಗಲಿದ್ದದ್ದು ಲೆನರ್ಡ್ ಮೀಕ್ಸನ ವಿಡಿಯೋ. ಲೆನರ್ಡ್ ಹುಟ್ಟು ಕಿವುಡ. ಬಸ್‌ಸ್ಟಾಪಿನಲ್ಲಿ ಪೊಲೀಸನೊಬ್ಬ ಹಿಂದಿನಿಂದ ಏನೋ ಕೂಗಿದ. ತಿರುಗಿದ ಲೆನರ್ಡ್, ತನಗೆ ಕೇಳಿಸುವುದಿಲ್ಲ ಅಂತ ಕೈಭಾಷೆಯಲ್ಲಿ ಹೇಳಲು ಹೋದ. ಹೊಡೆಯಲು ಕೈ ಎತ್ತಿದ ಎಂದು ಪೊಲೀಸ ಅವನನ್ನು ನೆಲಕ್ಕೆ ಕೆಡವಿದ. ಬಲಗೈ ಮುರಿಯಿತು. ಕೈಯಲ್ಲೇ ಮಾತಾಡುವವನಿಗೆ ಕೈ ಮುರಿದರೆ ಅರ್ಧ ಮಾತೇ ಹೋಯಿತು. ಈಗ ಹಲ್ಲೆಯ ಕೇಸು ಇದ್ದದ್ದೂ ಅವನ ಮೇಲೆಯೇ. ಹೋದ ತಿಂಗಳ ಸಭೆ ಹಿಮ ಬಿದ್ದು ನಿಂತುಹೋಗಿತ್ತು. ನಾಳೆ ಬೆಳಗಾದರೆ ವಿಡಿಯೋ ಇಲ್ಲ.

ಇವತ್ತೂ ಹಿಮ. ಐವರಲ್ಲಿ ಇಬ್ಬರು ಬರುವುದಿಲ್ಲವೆಂದು ಫೋನು ಮಾಡಿದರು. ಸಭೆ ನಡೆಯಬೇಕಾದರೆ ಮೂವರಾದರೂ ಬೇಕು. ಅಧ್ಯಕ್ಷ ಡ್ವೈಟ್ ಹ್ಯಾಸ್ಕೆಲ್‌ನ ಕಾರು ಹಿಮದಲ್ಲಿ ಹೂತಿತ್ತು, ವರ್ನಾಗೆ ಇಂಥ ರಸ್ತೆಯಲ್ಲಿ ಗಾಡಿ ಓಡಿಸಲು ಧೈರ್ಯವೇ ಬರುವುದಿಲ್ಲ. ಮೂರನೆಯ ಸದಸ್ಯ, ಕ್ಷೌರದಂಗಡಿಯ ರೂಬೆನ್ ಒರ್ಟೆಗಾ, ತನ್ನ ಪಿಕಪ್ ತಂದು ಇಬ್ಬರನ್ನೂ ಹತ್ತಿಸಿಕೊಂಡ. ಅಂತೂ ಬಂದೆವಲ್ಲ ದೇವರೇ ಎಂದು ವರ್ನಾ ಪುರಭವನದ ಮೆಟ್ಟಿಲು ಹತ್ತಿದಳು.

ಮುಂದಿನ ಸಾಲಿನಲ್ಲಿ ಲೆನರ್ಡ್ ಕೂತಿದ್ದ, ಕೈಗೆ ಪ್ಲಾಸ್ಟರು. ಪಕ್ಕದಲ್ಲಿ ದೂರು ಕೊಟ್ಟಿದ್ದ ಅವನ ಅಕ್ಕ ಒಡೆಸ್ಸಾ, ವರ್ನಾಳ ಹಳೆಯ ಶಿಷ್ಯೆ. ಹ್ಯಾಸ್ಕೆಲ್ ಸುತ್ತಿಗೆ ಕುಟ್ಟಿದ, ಗಂಟಲು ಸರಿಮಾಡಿಕೊಂಡ.

"ಮೊದ್ಲು ಒಂದು ವಿಷಯ ದಾಖಲಾಗ್ಲಿ. ನಾವು ಮೂವರೂ ಒಂದೇ ಗಾಡಿಲಿ ಬಂದ್ವಿ. ದಾರೀಲಿ ಈ ದೂರಿನ ಬಗ್ಗೆ ಮಾತೂ ಆಡಿದ್ವಿ."

ಊರಿನ ವಕೀಲೆ ಮಿಸ್ ಬ್ರಾಂಟ್ ಪೆನ್ನು ಕೆಳಗಿಟ್ಟಳು. "ಏನು ಮಾತಾಡಿದ್ರಿ?"

"ವಿಡಿಯೋ ನೋಡ್ಲೇಬೇಕು ಅಂತ ಟೀಚರ್ ಅಂದ್ರು. ಹೌದು ಅಂತ ನಾವಿಬ್ರೂ ಅಂದ್ವಿ."

"ಹಾಗಾದ್ರೆ ಸಭೆ ಗಾಡೀಲೇ ಆಗಿಹೋಯ್ತು. ಮೂವರು ಸೇರಿ ವಿಷಯ ಎತ್ತಿದ್ರೆ ಅದೇ ಸಭೆ. ಜನಕ್ಕೆ ನೋಟಿಸ್ ಕೊಟ್ಟಿಲ್ಲ. ಇಲ್ಲಿ ಮತ ಹಾಕಿದ್ರೂ ಅದು ನಿಲ್ಲಲ್ಲ. ನೋಟಿಸ್ ಕೊಟ್ಟು ಮುಂದಿನ ವಾರ ಇನ್ನೊಂದು ಸಭೆ ಕರೀಬೇಕು."

ವರ್ನಾಗೆ ಪಿತ್ತ ನೆತ್ತಿಗೇರಿತು. ಹ್ಯಾಸ್ಕೆಲ್ ಕಡೆ ತಿರುಗಿದಳು. "ಅಯ್ಯೋ ಮಾರಾಯಾ! ಯಾರು ಕೇಳಿದ್ರು ನಿನ್ನ?"

"ಯಾರೂ ಕೇಳ್ದೇ ಇದ್ರೂ ಹೇಳ್ಬೇಕು ಟೀಚರ್. ಕದ್ದುಮುಚ್ಚಿ ಮಾತಾಡ್ಕೋಬಾರ್ದು ಅನ್ನೋ ನಿಯಮ ಬರ್ಸಿದ್ದೇ ನಾವಲ್ವಾ? ನೀವೇ ಕೈ ಎತ್ತಿದ್ರಿ."

ಎತ್ತಿದ್ದಳು, ಹೌದು. ಅದೇ ಹೊಟ್ಟೆ ಉರಿಸಿದ್ದು. ಒಳ್ಳೆಯವನೇ, ಈ ಹ್ಯಾಸ್ಕೆಲ್. ಅವನ ಒಳ್ಳೆಯತನಕ್ಕಿಷ್ಟು ಬೆಂಕಿ ಬೀಳಲಿ!

"ಹಿಮ ಬಿದ್ರೆ ಏನ್ ಮಾಡ್ಬೇಕಿತ್ತು, ಹಾರ್ಕೊಂಡ್ ಬರ್ಬೇಕಿತ್ತಾ?" ರೂಬೆನ್ ಗೊಣಗಿದ. "ಹವಾಮಾನದ ಬಗ್ಗೆ ಮಾತಾಡ್ಬಹುದಿತ್ತು," ಅಂದಳು ಬ್ರಾಂಟ್, ಮುಖದಲ್ಲಿ ನಗುವಿನ ಸುಳಿವಿಲ್ಲದೆ.

ಒಡೆಸ್ಸಾ ಎದ್ದು ನಿಂತಳು. "ವಿಡಿಯೋ ಅಳಿಸ್ಬೇಡಿ ಅಂತ ನಾನೇ ಕೆಳಗೆ ಪೊಲೀಸ್ ಕೌಂಟರಲ್ಲಿ ಕೇಳ್ಲಾ?"

"ದೂರು ಮಂಡಳಿ ಮುಂದಿರೋವಾಗ ದೂರು ಕೊಟ್ಟೋರು ಕೇಳೋ ಹಾಗಿಲ್ಲ, ಸದಸ್ಯರೂ ಕೇಳೋ ಹಾಗಿಲ್ಲ. ಬೇರೆ ಯಾರು ಬೇಕಾದ್ರೂ ಕೇಳ್ಬಹುದು. ಕೇಳಿದ್ರೆ ಉತ್ತರ ಕೊಡೋವರೆಗೂ ಅಳಿಸೋ ಹಾಗಿಲ್ಲ," ಅಂದಳು ಬ್ರಾಂಟ್.

"ಬೇರೆ ಯಾರು ಬೇಕಾದ್ರೂ?" ವರ್ನಾ ಕೇಳಿದಳು. "ಬೀದೀಲಿ ಹೋಗೋರೂ?"

"ಬೀದೀಲಿ ಹೋಗೋರೂ."

ಸಭಾಂಗಣದಲ್ಲಿ ಬೀದಿಯಲ್ಲಿ ಹೋಗುವವರು ಒಬ್ಬರೂ ಇರಲಿಲ್ಲ, ಅಂಥ ಚಳಿ. ವರ್ನಾ ಕೊರಳಿನಿಂದ ಸದಸ್ಯೆಯ ಬಿಲ್ಲೆ ಬಿಚ್ಚಿ ಮೇಜಿನ ಮೇಲೆ ಕುಕ್ಕಿದಳು. "ಬರ್ಕೋ ಡ್ವೈಟ್. ಇದೂ ದಾಖಲಾಗ್ಲಿ. ನಾನು ಈ ಮಂಡಳೀಲಿಲ್ಲ."

"ಟೀಚರ್, ದುಡುಕ್ಬೇಡಿ—"

"ಎರಡು ವರ್ಷ ದುಡುಕದೆ ಕೂತಿದ್ದು ಸಾಕು!"

ಕೆಳಗಿನ ಕೌಂಟರಿನಲ್ಲಿ ದಪ್ಪ ಮೀಸೆಯ ಪೊಲೀಸ ಬಾಗಿಲು ಹಾಕುವ ಆತುರದಲ್ಲಿದ್ದ. ವರ್ನಾ ಲೆನರ್ಡನ ವಿಡಿಯೋ ಬೇಕೆಂದು ಕೇಳಿದಳು. "ನೀವು ಮಂಡಳಿಯೋರಲ್ವಾ?"

"ಆಗಿದ್ದೆ. ಬೇಕಾದ್ರೆ ಮೇಲೆ ಹೋಗಿ ಕೇಳ್ಕೊಂಡ್ ಬಾ."

ಅವನು ಮೇಲಕ್ಕೆ ಫೋನು ಮಾಡಿದ, ಬ್ರಾಂಟಳ ಮಾತು ಕೇಳಿದ, ಉಸ್ಸೆಂದ, ಕಂಪ್ಯೂಟರಿನಲ್ಲಿ ಏನೋ ಒತ್ತಿದ. "ಆಯ್ತಮ್ಮ. ಇನ್ನು ಅದು ಅಳ್ಸಲ್ಲ."

ಇಷ್ಟೇ! ಇಷ್ಟಕ್ಕೆ ಎರಡು ವರ್ಷ! ವರ್ನಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಲೆನರ್ಡನ ಜೊತೆ ಹಿಂದೆಯೇ ಇಳಿದು ಬಂದಿದ್ದ ಒಡೆಸ್ಸಾ ಅವಳನ್ನು ತಬ್ಬಿಕೊಂಡು ಅತ್ತೇಬಿಟ್ಟಳು, ಆಮೇಲೆ ತಮ್ಮನ ಕಡೆ ತಿರುಗಿ ಎರಡೂ ಕೈಯಲ್ಲಿ ಎಲ್ಲವನ್ನೂ ಹೇಳಿದಳು. ಲೆನರ್ಡ್ ನಗಲಿಲ್ಲ. ಎಡಗೈಯಲ್ಲಿ ತಡವರಿಸುತ್ತ ಏನೋ ಕೇಳಿದ. ಒಡೆಸ್ಸಾಗೂ ತಕ್ಷಣ ತಿಳಿಯದೆ ಅವನು ಮತ್ತೊಮ್ಮೆ ನಿಧಾನವಾಗಿ ಕೇಳಬೇಕಾಯಿತು.

"ಏನಂತೆ?" ವರ್ನಾ ಅಂದಳು.

ಒಡೆಸ್ಸಾ ಕಣ್ಣೊರೆಸಿಕೊಂಡಳು. "ಮುಂದಿನ ಸಭೇಲಿ ಆ ವಿಡಿಯೋ ನೋಡೋವಾಗ ಮಂಡಳೀಲಿ ನಮ್ಮ ಪರ ಯಾರು ಕೂತ್ಕೋತಾರೆ ಅಂತ ಕೇಳ್ತಿದ್ದಾನೆ, ಟೀಚರ್."

ವರ್ನಾ ಲೆನರ್ಡ್ ಕಡೆ ತಿರುಗಿದಳು. "ಅದನ್ನ ನಾನು ಯೋಚ್ನೆನೇ ಮಾಡ್ಲಿಲ್ಲ ಕಣಪ್ಪ" ಅಂದಳು, ಅವನಿಗೆ ಕೇಳಿಸುವುದಿಲ್ಲವೆಂಬುದನ್ನೂ ಮರೆತು.