ಯಾರ ಹೆಗಲೂ ತಾಗದ ಬಂದೂಕು

"ಕೆನ್ನೆಯನ್ನ ಬಂದೂಕಿನ ಹತ್ತಿರ ಇಳಿಸಬೇಡ. ಬಂದೂಕನ್ನ ಕೆನ್ನೆ ಹತ್ರ ತಗೊಂಡು ಬಾ," ಎಂದ ಬಂದೂಕಿನಂಗಡಿಯ ಪ್ರಾಸರ್.

ಬ್ರಿನ್ ಮತ್ತೊಮ್ಮೆ ಎತ್ತಿದ. ಅಂಗಡಿಯ ಮೂಲೆಯಲ್ಲಿ, ಸೂರಿಗೆ ತಾಗುವಂತೆ ಅಂಟಿಸಿದ್ದ ಕೆಂಪು ಚುಕ್ಕೆಯತ್ತ ನಳಿಗೆ ತಿರುಗಿಸಿ ಕಣ್ಣು ಕಿರಿದು ಮಾಡಿದ. ಅದೊಂದು ಹಳೆಯ ಇಟಾಲಿಯನ್ ಬಂದೂಕು, ಒಂದರ ಮೇಲೊಂದು ಕೂತ ಎರಡು ನಳಿಗೆಯದು. ಕೈ ತಾಗುವ ಕಡೆಯೆಲ್ಲ ಕಪ್ಪು ಸವೆದು ಬೂದುಬಣ್ಣ ಇಣುಕುತ್ತಿತ್ತು. ಆದರೆ ಅದರ ಭಾರ ಎರಡು ಅಂಗೈಗಳ ನಡುವೆ ತಾನಾಗಿ ಬಂದು ನೆಲೆಸಿತು.

"ಹೊಲದಲ್ಲಿ ಹಕ್ಕಿ ಹಿಂದೆ ಅಲೆಯೋನಿಗೆ ಹಗುರದ್ದು ಬೇಕು," ಪ್ರಾಸರ್ ಹೇಳುತ್ತಿದ್ದ. "ನೀನು ಭಾನುವಾರ ನಿಂತ ಕಡೆ ನಿಂತು, ಯಂತ್ರ ಗಾಳಿಗೆ ಹಾರಿಸೋ ಮಣ್ಣಿನ ಬಿಲ್ಲೆ ಹೊಡೆಯೋನು. ಭಾರ ಇದ್ರೆ ಹೆಗಲಿಗೆ ಒದೆ ಕಡಿಮೆ. ನೀನು ಹೇಳಿದ ದುಡ್ಡಿಗೆ ಆ ಟರ್ಕಿಯ ಹೊಸದು ತಗೊಂಡ್ರೆ ಹೊಳಪು ಸಿಗುತ್ತೆ, ಹಳೇದು ತಗೊಂಡ್ರೆ ಬಂದೂಕು ಸಿಗುತ್ತೆ."

ಬ್ರಿನ್ ಸೈಡರ್ ಎಂಬ ಸೇಬಿನ ಮದ್ಯ ಮಾಡುವ ಕಾರ್ಖಾನೆಯ ಟ್ಯಾಂಕರ್ ಓಡಿಸುವವನು. ಐವತ್ತೇಳನೆಯ ವಯಸ್ಸಿನಲ್ಲಿ ಹತ್ತಿದ ಹುಚ್ಚು ಇದು. ಒಂದು ವರ್ಷ ಕ್ಲಬ್ಬಿನ ಬಂದೂಕನ್ನು ಎರವಲು ಪಡೆದು ಹೊಡೆದು, ಪೊಲೀಸರಿಂದ ಪರವಾನಗಿ ಬಂದ ಮೇಲೆ ಲೆಮ್‌ಸ್ಟರ್ ಪೇಟೆಯ ಈ ಅಂಗಡಿಗೆ ಬಂದಿದ್ದ. ಇಟಾಲಿಯನ್ ಬಂದೂಕನ್ನೇ ಕೊಡು ಎನ್ನುವ ಮಾತು ಅವನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಪ್ರಾಸರ್ ತಲೆ ಕೆರೆದುಕೊಂಡ.

"ನಾನೊಬ್ಬ ದಡ್ಡ ವ್ಯಾಪಾರಿ ಬಿಡು. ನಿಮ್ಮ ಮನೆಯದೇ ಒಂದು ಬಂದೂಕು ಒಳಗಿದೆಯಲ್ಲ."

ಅವನು ಹಿಂದಿನ ಕೋಣೆಗೆ ಹೋಗಿ ಚರ್ಮದ ಪೆಟ್ಟಿಗೆಯೊಂದನ್ನು ತಂದು ಮೇಜಿನ ಮೇಲಿಟ್ಟು ತೆರೆದ. ಜೇನುಬಣ್ಣದ ಮರ, ಕಣ್ಣಿಗೆ ಕಟ್ಟುವಂಥ ಗೆರೆಗಳು.

"ಕ್ಲೆಮ್ ತೀರಿಕೊಂಡ ವಾರವೇ ಮೆರಿಯೆಲ್ ತಂದಿಟ್ಟು ಹೋದ್ಲು. ಆಮೇಲೆ ಈ ಕಡೆ ಬರಲೇ ಇಲ್ಲ. ನಾನೇ ಆಗಾಗ ಎಣ್ಣೆ ಹಾಕ್ತಿರ್ತೀನಿ. ಅವಳನ್ನ ಕೇಳು, ಬೇಡ ಅನ್ನಲ್ಲ. ನಿನಗೆ ಒಂಚೂರು ಗಿಡ್ಡ ಆಗುತ್ತೆ, ಹಿಂಬದಿಗೆ ದಪ್ಪ ರಬ್ಬರ್ ಕೂರಿಸಿ ಕೊಡ್ತೀನಿ."

ಗಿಡ್ಡ ಎಂಬ ಮಾತು ಬ್ರಿನ್‌ಗೆ ಒಳಗೊಳಗೇ ಹಿತವಾಯಿತು. ಮನೆಯ ಮೆಟ್ಟಿಲ ಬಳಿ ತೂಗುವ ಫೋಟೋದಲ್ಲಿ ಹೆಂಡತಿ ಮೆರಿಯೆಲ್‌ಳ ಮೊದಲ ಗಂಡ ಕ್ಲೆಮ್ ಟ್ರ್ಯಾಕ್ಟರಿನ ಮೇಲೆ ಕೂತಿದ್ದಾನೆ. ಕೂತವನ ಎತ್ತರ ಯಾರಿಗೆ ಗೊತ್ತಾಗುತ್ತದೆ. ಹಾಗಾದರೆ ಆಸಾಮಿ ಕುಳ್ಳ.

ಆದರೆ ಆ ಹಿತ ಹೆಚ್ಚು ಹೊತ್ತು ಉಳಿಯಲಿಲ್ಲ. ಮೆರಿಯೆಲ್‌ಳನ್ನು ಮದುವೆಯಾಗಿ ಬ್ರಿನ್ ಬಂದು ಸೇರಿದ್ದು ಕ್ಲೆಮ್ ಕಟ್ಟಿಸಿದ ಮನೆ. ಬೇಸಿಗೆಯಲ್ಲಿ ಕೊಯ್ಯುವುದು ಕ್ಲೆಮ್ ನೆಟ್ಟ ಪ್ಲಮ್ ಹಣ್ಣು. ಅಂಚೆಯವನು ಇವತ್ತಿಗೂ "ಕ್ಲೆಮ್ ಮನೆ" ಅನ್ನುತ್ತಾನೆ. ಸತ್ತವನ ಜೊತೆ ಜಗಳ ಆಡುವ ಹಾಗಿಲ್ಲ. ಅವನು ಹೊಸ ತಪ್ಪು ಮಾಡುವುದಿಲ್ಲ, ಗೊರಕೆ ಹೊಡೆಯುವುದಿಲ್ಲ, ದಪ್ಪಗಾಗುವುದಿಲ್ಲ. ಈಗ ಅವನ ಕೆನ್ನೆ ಉಜ್ಜಿ ನುಣುಪಾದ ಮರಕ್ಕೆ ತನ್ನ ಕೆನ್ನೆಯನ್ನೂ ಒತ್ತಬೇಕೆ?

"ಬೇಡ," ಎಂದ ಬ್ರಿನ್. ಇಟಾಲಿಯನ್ ಬಂದೂಕನ್ನೂ ಕೆಳಗಿಟ್ಟ. ಅದನ್ನು ಯಾವ ಪುಣ್ಯಾತ್ಮ ಹಿಡಿದಿದ್ದನೋ. "ಆ ಟರ್ಕಿಯದು ಕೊಡು."

"ಅದನ್ನ ನಾನೇ ಬೇಡ ಅಂದ್ನಲ್ಲ ಮಾರಾಯ."

"ಹೊಸದು ತಾನೇ? ಯಾರೂ ಹೊಡೆದಿಲ್ಲ ತಾನೇ?"

"ಯಾರೂ ಹೊಡೆದಿಲ್ಲ. ಅದೇ ಅದರ ದೊಡ್ಡ ಗುಣ," ಎಂದು ಪ್ರಾಸರ್ ನಿಟ್ಟುಸಿರಿಟ್ಟು ರಸೀದಿ ಬರೆಯತೊಡಗಿದ.

ಅಂದು ಸಂಜೆ ಮೆರಿಯೆಲ್ ಅಡುಗೆಮನೆಯಲ್ಲಿ ಪೈ ಮಾಡಲು ಹಿಟ್ಟು ಲಟ್ಟಿಸುತ್ತಿದ್ದಳು. ಬ್ರಿನ್ ಹೊಸ ಬಂದೂಕನ್ನು ತೋರಿಸಿದ. ಅವಳು ಹಿಟ್ಟಿನ ಕೈಯನ್ನು ಹಿಂದಕ್ಕೆ ಹಿಡಿದುಕೊಂಡೇ ನೋಡಿ, "ಚೆನ್ನಾಗಿ ಹೊಳೀತಿದೆ," ಎಂದಳು.

"ಪ್ರಾಸರ್ ಹತ್ರ ಒಂದು ಹಳೇದು ಬಿದ್ದಿದೆಯಂತೆ. ನೀನೇ ಇಟ್ಟಿದ್ದಂತೆ."

ಲಟ್ಟಣಿಗೆ ಒಂದು ಕ್ಷಣ ನಿಂತಿತು.

"ಹೌದು."

"ಇಟ್ಕೊಂಡು ಏನು ಮಾಡೋದು? ಮಾರಿಬಿಡು."

ಅವಳು ಅವನ ಮುಖವನ್ನೇ ನೋಡಿದಳು. ಬೇಡ ಎಂದು ಅವಳು ಹಟ ಹಿಡಿದರೆ ಹೇಳಬೇಕಾದ ಮಾತುಗಳನ್ನೆಲ್ಲ ಬ್ರಿನ್ ದಾರಿಯುದ್ದಕ್ಕೂ ಕಾರಿನಲ್ಲಿ ಜೋಡಿಸಿಕೊಂಡು ಬಂದಿದ್ದ. ಒಂದೂ ಬೇಕಾಗಲಿಲ್ಲ.

"ಆಯ್ತು. ನಾಳೆ ಫೋನ್ ಮಾಡ್ತೀನಿ," ಎಂದು ಅವಳು ಮತ್ತೆ ಹಿಟ್ಟಿನ ಮೇಲೆ ಬಾಗಿದಳು.

ಗೆದ್ದ ಖುಷಿಯಲ್ಲಿ ಬ್ರಿನ್ ಆ ರಾತ್ರಿ ಎರಡು ಸಲ ಪೈ ಹಾಕಿಸಿಕೊಂಡ. ಆ ಹಳೆಯ ಬಂದೂಕು ತಿಂಗಳೊಳಗೆ ಯಾರೋ ಹುಡುಗಿಯ ಪಾಲಾಯಿತು ಎಂದು ತಿಳಿಯಿತು.

ಟರ್ಕಿಯ ಬಂದೂಕು ಮಾತ್ರ ಅವನಿಗೆ ಒಗ್ಗಲಿಲ್ಲ. ಹಗುರವಾದ್ದರಿಂದ ಬಿಲ್ಲೆಯ ಹಿಂದೆ ಸರ್ರನೆ ಓಡಿ, ಅದನ್ನು ದಾಟುವ ಹೊತ್ತಿಗೆ ಸುಮ್ಮನೆ ನಿಂತುಬಿಡುತ್ತಿತ್ತು. ಪ್ರತಿ ತೋಟಾಕ್ಕೂ ಹೆಗಲಿಗೊಂದು ಗುದ್ದು. ಹೆಗಲು ಮೊದಲು ಕೆಂಪಾಯಿತು, ಆಮೇಲೆ ಪ್ಲಮ್ ಬಣ್ಣಕ್ಕೆ ತಿರುಗಿತು. ಮೆರಿಯೆಲ್ ನೋಡಿಬಿಟ್ಟಾಳೆಂದು ಅವನು ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅಂಗಿ ಬದಲಿಸತೊಡಗಿದ.

ಒಂದು ಭಾನುವಾರ ಹೀಗೆಯೇ ಅರ್ಧಕ್ಕರ್ಧ ಬಿಲ್ಲೆಗಳನ್ನು ತಪ್ಪಿಸಿ, ಕ್ಲಬ್ಬಿನ ಚಹಾದ ಗುಡಿಸಲಿಗೆ ಬಂದು ಕೂತ. ಅಲ್ಲಿ ಚಹಾ ಕಾಸುವ ಮುದುಕಿ ಡೊರೀನ್ ಅವನ ಮುಂದೆ ಬೇಕನ್ ರೋಲ್ ಇಟ್ಟಳು.

"ಆ ತಗಡು ಇಟ್ಕೊಂಡು ಯಾಕಪ್ಪ ಒದ್ದಾಡ್ತೀಯ? ಮನೇಲಿ ಅಂಥಾ ಬಂದೂಕಿತ್ತಲ್ಲ."

"ಕ್ಲೆಮ್ ಬಂದೂಕಾ? ಮಾರಿದ್ವಿ."

ಡೊರೀನ್ ಕೈಯಲ್ಲಿದ್ದ ಕೆಟಲನ್ನು ಕೆಳಗಿಟ್ಟಳು. "ಕ್ಲೆಮ್ ಬಂದೂಕು ಅಂತ ಯಾವನು ಹೇಳ್ದ ನಿನಗೆ? ಅವನು ಜನ್ಮದಲ್ಲಿ ಬಂದೂಕಿನ ಕುದುರೆ ಒತ್ತಿದೋನಲ್ಲ. ಶಬ್ದ ಅಂದ್ರೆ ಆಗ್ತಿರಲಿಲ್ಲ. ಕಿವಿ ಮುಚ್ಕೊಂಡು ಅವಳ ಹಿಂದೆ ನಿಂತ್ಕೊಂಡು ಬಿಲ್ಲೆ ಹಾರಿಸೋ ಗುಂಡಿ ಒತ್ತೋನು, ಅಷ್ಟೆ. ಬಂದೂಕು ಅವಳದು. ನಮ್ಮ ಕಡೆ ಗಂಡಸರನ್ನೆಲ್ಲ ಸೇರಿಸಿ ಸೋಲಿಸಿದವಳು ಕಣಪ್ಪ ನಿನ್ನ ಹೆಂಡತಿ."

ಬ್ರಿನ್ ರೋಲನ್ನು ಪಕ್ಕಕ್ಕೆ ಸರಿಸಿದ. ಮೊದಲು ಬಂದದ್ದು ನಾಚಿಕೆ. ಅದರ ಹಿಂದೆಯೇ ಹಳೆಯ ಹೊಟ್ಟೆಕಿಚ್ಚು ಇನ್ನೂ ದೊಡ್ಡದಾಗಿ ಎದ್ದು ಬಂತು. ಬರೀ ಒಂದು ಬಂದೂಕಾಗಿದ್ದರೆ ಮಾರಿ ಮರೆಯಬಹುದಿತ್ತು. ಭಾನುವಾರಗಳ ಮೇಲೆ ಭಾನುವಾರ, ಬೆಳಕಲ್ಲಿ ನಿಂತ ಮೆರಿಯೆಲ್, ಅವಳ ಹಿಂದೆ ಆ ಮನುಷ್ಯ. ತಾನು ಒಮ್ಮೆಯೂ ಕಾಣದ ಒಬ್ಬ ಮೆರಿಯೆಲ್‌ಳನ್ನು ಅವನು ಕಣ್ತುಂಬ ಕಂಡು, ಜೊತೆಗೇ ತೆಗೆದುಕೊಂಡು ಹೋಗಿದ್ದ.

ಮನೆಗೆ ಬಂದಾಗ ಅವಳು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು.

"ನನಗೆ ಯಾಕೆ ಹೇಳಲಿಲ್ಲ?"

ಯಾವುದರ ಬಗ್ಗೆ ಎಂದು ಅವಳು ಕೇಳಲಿಲ್ಲ. ಬಾಯಲ್ಲಿ ಕಚ್ಚಿದ್ದ ಕ್ಲಿಪ್ಪನ್ನು ತೆಗೆದಳು.

"ನೀನು ಕೇಳಲಿಲ್ಲ. ಅದು ಯಾರದು ಅಂತ ನಿನಗೆ ಮೊದಲೇ ಗೊತ್ತಿತ್ತಲ್ಲ."

"ಮಾರು ಅಂದಾಗಲಾದ್ರೂ ನನ್ನದು ಅನ್ನಬಹುದಿತ್ತು."

"ಅಂದಿದ್ರೆ ಏನಾಗ್ತಿತ್ತು? ಕ್ಲೆಮ್ ಜೊತೆ ಹೋಗ್ತಿದ್ಯಾ ಅಂತ ಕೇಳ್ತಿದ್ದೆ ನೀನು. ಹೌದು, ಹೋಗ್ತಿದ್ದೆ." ಅವಳ ದನಿ ಏರಲಿಲ್ಲ. "ಈ ಮನೇಲಿ ಎಲ್ಲಾದಕ್ಕೂ ನೀನೇ ಅವನ ಹೆಸರು ಇಟ್ಟಿದ್ದೀಯ, ಬ್ರಿನ್. ಬೆಂಕಿ ಹತ್ರ ಇದ್ದ ಕುರ್ಚಿ ನೆನಪಿದೆಯಾ? ತೆಗಿ ಅಂದೆ ನೀನು, ತೆಗೆದೆ ನಾನು. ಅದು ನಮ್ಮಮ್ಮಂದು."

ಒದ್ದೆ ಹಾಸಿಗೆ ಬಟ್ಟೆ ಗಾಳಿಗೆ ಇಬ್ಬರ ನಡುವೆ ಎದ್ದು ಇಳಿಯಿತು. ಬ್ರಿನ್ ಅದರ ಇನ್ನೊಂದು ತುದಿ ಹಿಡಿದು ಎಳೆದುಕೊಟ್ಟ. ಬುಟ್ಟಿ ಬರಿದಾಗುವ ತನಕ ಇಬ್ಬರೂ ಸೇರಿ ಹರವಿದರು.

"ಹೊಡೆಯೋದು ಯಾಕೆ ಬಿಟ್ಟೆ?" ಕೊನೆಗೆ ಅವನು ಕೇಳಿದ.

"ಗುಂಡಿ ಒತ್ತೋರು ಇರಲಿಲ್ಲ."

"ಮುಂದಿನ ಭಾನುವಾರ ಬಾ."

"ನಿನ್ನ ಆ ತಗಡು ಹಿಡ್ಕೊಂಡಾ?" ಎಂದಳು. ಆದರೆ ಬರುವುದಿಲ್ಲ ಎನ್ನಲಿಲ್ಲ.

ಭಾನುವಾರ ಮೋಡ ತೆಳ್ಳಗೆ ಹರಡಿತ್ತು. ಮೆರಿಯೆಲ್ ಟರ್ಕಿಯ ಬಂದೂಕನ್ನು ಮಡಿಸಿ, ಒಳಗೆ ಇಣುಕಿ, ಕೈಯಲ್ಲಿ ತೂಗಿ ನೋಡಿ ಮುಖ ಕಿವುಚಿದಳು. ಅಂಗಿಯೊಳಗೆ ಹೆಗಲ ಮೇಲೆ ಒಂದು ಟವೆಲು ಮಡಿಸಿ ಇಟ್ಟುಕೊಂಡಳು. ಬ್ರಿನ್ ಉದ್ದ ತಂತಿಯ ತುದಿಯ ಗುಂಡಿಯನ್ನು ಹಿಡಿದು ಅವಳ ಹಿಂದೆ ಬಲಕ್ಕೆ ನಿಂತ.

"ಬಿಡು," ಎಂದಳು. ಗುಂಡಿ ಒತ್ತಿದ. ಕಿತ್ತಳೆ ಬಿಲ್ಲೆ ಹೊಲದ ಮೇಲೆ ತೇಲಿ ಹೋಗಿ ಹುಲ್ಲಿಗೆ ಬಿತ್ತು. ಎರಡನೆಯದೂ ತಪ್ಪಿತು. ಬ್ರಿನ್‌ನ ಎದೆಯೊಳಗೆ ಏನೋ ಸಣ್ಣದೊಂದು ಸಂತೋಷಪಟ್ಟಿತು. ಅದು ಅವನಿಗೇ ಅಸಹ್ಯವಾಯಿತು.

ಅವಳು ಪಾದಗಳನ್ನು ಸ್ವಲ್ಪ ಹತ್ತಿರಕ್ಕೆ ತಂದುಕೊಂಡು, ಮುಂಗೈಯನ್ನು ಮುಂದಕ್ಕೆ ಚಾಚಿ ಹಿಡಿದಳು. ಮೂರನೆಯ ಬಿಲ್ಲೆ ಗಾಳಿಯಲ್ಲೇ ಪುಡಿಯಾಗಿ ಕಪ್ಪು ಹೊಗೆಯಂತೆ ಚದುರಿತು. ಆಮೇಲಿನದೂ ಹಾಗೆಯೇ. ಅದರ ಆಮೇಲಿನದೂ. ಬೆನ್ನು, ಹೆಗಲು, ಬಂದೂಕು ಎಲ್ಲ ಒಂದೇ ತುಂಡಾಗಿ ತಿರುಗುತ್ತಿದ್ದವು. ತನ್ನ ಹೆಂಡತಿ ಹೀಗೆ ನಿಲ್ಲಬಲ್ಲಳೆಂದು ಬ್ರಿನ್ ಕನಸಲ್ಲೂ ಎಣಿಸಿರಲಿಲ್ಲ.

ಎರಡು ಬಿಲ್ಲೆ ಒಟ್ಟಿಗೆ ಹಾರಿದವು. ಎರಡೂ ಒಡೆದವು. ಮೆರಿಯೆಲ್ ನಗುತ್ತ ಥಟ್ಟನೆ ಹಿಂದೆ ತಿರುಗಿದಳು. ತಿರುಗಿದ್ದು ಎಡಕ್ಕೆ, ಹಳೆಯ ಅಭ್ಯಾಸದಂತೆ. ಅಲ್ಲಿ ಬೇಲಿಯ ಹಾಥಾರ್ನ್ ಗಿಡಗಳಲ್ಲದೆ ಬೇರೇನೂ ಇರಲಿಲ್ಲ. ಆ ನಗು ಗಿಡಗಳ ಮೇಲೆ ಒಂದು ಗಳಿಗೆ ನಿಂತು, ಹುಡುಕಿ, ಆಮೇಲೆ ಬಲಕ್ಕೆ ಬಂದು ಬ್ರಿನ್‌ನ ಮುಖ ಕಂಡಿತು. ಆರಲಿಲ್ಲ, ಆದರೆ ಸ್ವಲ್ಪ ತಗ್ಗಿತು.

ಬ್ರಿನ್ ಕೂಡ ನಕ್ಕ. ಅವಳು ತಿರುಗಿ ಹೊಸ ತೋಟಾ ತುಂಬಿದಳು.

ಅವನು ಒದ್ದೆ ಹುಲ್ಲಿನಲ್ಲಿ ತಂತಿಯನ್ನು ಎಳೆದುಕೊಂಡು, ಸದ್ದಾಗದಂತೆ ಎಡಗಡೆಗೆ ಬಂದು ನಿಂತ.

"ಬಿಡು," ಎಂದಳು ಮೆರಿಯೆಲ್.