ಕಾಚಂಪುಳಿಗೂ ಬಗ್ಗದ ಬಂಗುಡೆ

ಮಳೆಗಾಲ ಬಂತೆಂದರೆ ಚೆಟ್ಟಳ್ಳಿಯ ಕಾಫಿ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಒಳ್ಳೆಯ ಮೀನಿಗೆ ಬರ. ವನಜಮ್ಮನ ಗಂಡ ಬೋಜನಿಗೋ ಬಂಗುಡೆ ಸಾರಿಲ್ಲದೆ ಅನ್ನ ಇಳಿಯುತ್ತಿರಲಿಲ್ಲ. ಉಬ್ಬಸದ ಮನುಷ್ಯ, ಬಾಯಿಗೆ ರುಚಿಯೆಂದು ಉಳಿದದ್ದು ಅದೊಂದೇ.

ಆ ದಿನ ಕೇರಳ ಗಡಿಯ ಮಾಕುಟ್ಟ ದಾಟಿ ಬಂದ ಮೀನಿನ ವ್ಯಾನಿನ ಬಂಗುಡೆ ಮೆತ್ತಗಾಗಿತ್ತು. ಐಸ್ ಕರಗಿ ನೀರಾಗಿತ್ತು. ಅದನ್ನೇ ಕೊಂಡು ಬರುತ್ತಿದ್ದ ವನಜಮ್ಮನನ್ನು ಆರೋಗ್ಯ ಕೇಂದ್ರದ ಕಾತ್ಯಾಯನಿ ಸಿಸ್ಟರ್ ದಾರಿಯಲ್ಲೇ ತಡೆದರು.

“ಬೇಡ ವನಜಮ್ಮ. ಈಗ ದೊಡ್ಡ ಬೋಟುಗಳು ಕಡಲಿಗೆ ಇಳಿಯಲ್ಲ. ಇದು ಎಷ್ಟು ಹಳೇದೋ ಏನೋ. ಪಕ್ಕದ ತೋಟದ ತೀರ್ಥಪ್ರಸಾದರ ಕೆರೇಲಿ ಇವತ್ತು ಕಾಟ್ಲಾ ಹಿಡೀತಿದ್ದಾರೆ, ಜೀವಂತ ಸಿಗುತ್ತೆ.”

“ಅಯ್ಯೋ, ಸಾಕಿದ ಮೀನಾ? ಅದಕ್ಕೆ ಏನೇನು ತಿನ್ನಿಸ್ತಾರೋ!”

“ಆ ಕೆರೆ ನಾನು ನೋಡಿದೀನಿ. ತೌಡು, ಹಿಂಡಿ ಹಾಕ್ತಾರೆ. ಔಷಧಿ ಹೊಡೆಯೋ ಡ್ರಮ್ಮು ಅಲ್ಲಿ ತೊಳೆಯೋಕೆ ಬಿಡಲ್ಲ.”

ವನಜಮ್ಮ ನಕ್ಕುಬಿಟ್ಟಳು. “ಮೀನು ಮುಟ್ಟದ ಮನೆಯವರು ನೀವು, ನಮಗೆ ಮೀನಿನ ಪಾಠ ಹೇಳ್ತೀರಾ ಸಿಸ್ಟರೇ? ಒಂಚೂರು ವಾಸನೆ ಇದ್ರೇನು, ಕಾಚಂಪುಳಿ ಜಾಸ್ತಿ ಬಿಟ್ರೆ ಎಲ್ಲ ಹೋಗುತ್ತೆ.”

“ವಾಸನೆ ಹೋಗುತ್ತೆ, ವಿಷ ಹೋಗಲ್ಲ. ನಾನು ತಿನ್ನಲ್ಲ, ನಿಜ. ತಿಂದು ಬಿದ್ದವರನ್ನ ನೋಡಿದೀನಿ.”

ಯಾರು ಕೇಳಬೇಕು! ಆ ಕಪ್ಪು ಹುಳಿ ಸಾರಿನಲ್ಲಿ ಕುದಿಯುವಾಗ ಮನೆಯೆಲ್ಲ ಘಮಘಮ. ಬೋಜ ಮತ್ತೆ ಮತ್ತೆ ಹಾಕಿಸಿಕೊಂಡು ಉಂಡ. ಸ್ವಲ್ಪ ಹೊತ್ತಿಗೆ ಅವನ ಮುಖ ಕೆಂಪಾಯಿತು, ಮೈಯೆಲ್ಲ ದದ್ದು ಎದ್ದಿತು, ಹಿಂದೆಯೇ ಉಬ್ಬಸ ಕೆರಳಿತು. ವನಜಮ್ಮನಿಗೂ ವಾಂತಿ. ಎಸ್ಟೇಟ್ ಜೀಪು ಮಡಿಕೇರಿ ಆಸ್ಪತ್ರೆ ಮುಟ್ಟುವ ಮೊದಲೇ, ಅವಳ ತೊಡೆಯ ಮೇಲೆ ಬೋಜನ ಉಸಿರು ನಿಂತಿತು.

“ಕೆಟ್ಟ ಬಂಗುಡೆಯ ವಿಷ ಕುದಿಸಿದ್ರೂ ಹೋಗಲ್ಲಮ್ಮ, ಹುಳಿಗೂ ಹೋಗಲ್ಲ. ಉಬ್ಬಸ ಇರೋರಿಗೆ ಪ್ರಾಣಕ್ಕೇ ಕುತ್ತು,” ಎಂದರು ಡಾಕ್ಟರು. ಬಡಿಸಿದ್ದು ವನಜಮ್ಮನದೇ ಕೈ.

ತಿಥಿ ಕಳೆದ ಮೇಲೆ ಮತ್ತೆ ವ್ಯಾನಿನ ಹಾರನ್ ಕೇಳಿತು. ಲೈನಿನ ಹೆಂಗಸರು ಪಾತ್ರೆ ಹಿಡಿದು ಬಂದರು. ವನಜಮ್ಮ ಎಲ್ಲರಿಗಿಂತ ಮುಂದೆ ಹೋಗಿ ನಿಂತಳು.

“ಮೊದಲು ಐಸ್ ತೋರ್ಸು. ಕಿವಿರು ಎತ್ತಿ ತೋರ್ಸು. ಕೆಂಪಿಲ್ಲದಿದ್ರೆ ಗಾಡಿ ತಿರುಗಿಸು.” ವ್ಯಾನಿನವನು ಎತ್ತಿ ತೋರಿಸಿದ ಕಿವಿರು ಕಂದು ಬಣ್ಣಕ್ಕೆ ತಿರುಗಿತ್ತು.

“ಹೋಗ್ಲಿ ಬಿಡಿ ವನಜಕ್ಕ, ಕಾಚಂಪುಳಿ ಹಾಕಿದ್ರಾಯ್ತು,” ಎಂದಳೊಬ್ಬಳು.

“ನಾನೂ ಹಾಕಿದ್ದೆ,” ಎಂದಳು ವನಜಮ್ಮ.

ಪಾತ್ರೆಗಳೆಲ್ಲ ಖಾಲಿಯಾಗಿಯೇ ಹಿಂದಿರುಗಿದವು.

ಅಕ್ಕಂದಿರೇ, ಅಣ್ಣಂದಿರೇ, ಕಡಲ ಮೀನಾಗಲಿ, ಸಾಕಿದ ಮೀನಾಗಲಿ, ಎಲ್ಲಿಂದ ಬಂತು, ಯಾವಾಗ ಹಿಡಿದದ್ದು ಎಂದು ಕೇಳಿ. ಐಸ್ ಇದೆಯೇ, ಕಿವಿರು ಕೆಂಪಗಿದೆಯೇ, ಒತ್ತಿದರೆ ಮಾಂಸ ಗಟ್ಟಿಯಿದೆಯೇ ನೋಡಿ. ಮೀನು ಉಂಡು ಮೈ ಕೆಂಪಾದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಅನುಮಾನ ಬಂದ ಮೀನನ್ನು ಮಣ್ಣಿಗೆ ಹಾಕಿ, ನಿಮ್ಮವರ ತಟ್ಟೆಗೆ ಹಾಕಬೇಡಿ.